ಬಿಲ್ಲೆಯ ಮೇಲಿನ ಬೊಟ್ಟು

ಎಂಬತ್ತೆರಡರ ದಸರಾ ರಜೆ ಮುಗಿಸಿ ನಮ್ಮೂರು ಪುರವರದಿಂದ ಬೆಂಗಳೂರಿನ ಪ್ರಯೋಗಾಲಯಕ್ಕೆ ಮರಳಿದ ನಾಲ್ಕನೇ ದಿನ, ಬುಧವಾರ, ನನ್ನ ದಿನಚರಿಯಲ್ಲಿ ಒಂದೇ ಸಾಲಿದೆ: ‘೩೪೭ರಲ್ಲಿ ಗುಡ್ಡ. ಕ್ಯಾಲ್ಸಿಯಂ. ಎಲ್ಲಿಂದ?’

ನಾನು ನೋಡುತ್ತಿದ್ದದ್ದು ನಿಕ್ಕಲ್ ಆಕ್ಸೈಡಿನ ಬಿಲ್ಲೆ, ಎಂಟಾಣೆಗಿಂತ ಚಿಕ್ಕದು. ಗಾಳಿಯನ್ನೆಲ್ಲ ಹೊರಗೆಳೆದ ಉಕ್ಕಿನ ಗೂಡಿನಲ್ಲಿ ಅದರ ಮೇಲೆ ಎಕ್ಸ್-ಕಿರಣ ಬಿಟ್ಟರೆ ಎಲೆಕ್ಟ್ರಾನುಗಳು ಹಾರಿ ಬರುತ್ತವೆ. ಅವುಗಳ ಶಕ್ತಿ ಅಳೆದು ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಪ್ರತಿ ಧಾತುವಿನ ಗುಡ್ಡ ಏಳುವುದು ಅದರದೇ ಜಾಗದಲ್ಲಿ, ಕ್ಯಾಲ್ಸಿಯಂನದು ೩೪೭ರಲ್ಲಿ. ಕಾಣುವುದು ಮೇಲಿನ ಕೆಲವೇ ಪದರ. ಬೆರಳು ತಾಗಿದರೂ ಸಿಕ್ಕಿಬೀಳುತ್ತೇವೆ.

ಯಂತ್ರ ಒಂದು, ಸರದಿಗೆ ಕಾಯುವವರು ಏಳು ಮಂದಿ. ಗೂಡಿಗೆ ಕೊಳೆ ತಂದವನ ಸರದಿ ಮುಂದಿನ ವರ್ಷಕ್ಕೆ ಎಂಬುದು ನಮ್ಮ ಮಾರ್ಗದರ್ಶಕರ ನಿಯಮ. ಅಲ್ಲಿಯವರೆಗೆ ನನ್ನ ವಿದ್ಯಾರ್ಥಿವೇತನ ಇರುತ್ತಿರಲಿಲ್ಲ.

ಎರಡು ದಿನ ಹುಡುಕಿದೆ. ಇಕ್ಕಳ, ಅಸಿಟೋನ್, ಕೈಗವಸು, ಅನುಮಾನದ ಪಟ್ಟಿಯಲ್ಲಿ ಎಲ್ಲದರ ಮುಂದೆಯೂ ಅಡ್ಡಗೆರೆ ಬಿತ್ತು. ಗುರುವಾರ ಎರಡು ಸಲ, ಶುಕ್ರವಾರ ನಾಲ್ಕು ಸಲ ಇಕ್ಕಳ ತೊಳೆದೆನೆಂದು ಬರೆದುಕೊಂಡಿದ್ದೇನೆ. ಉಳಿದದ್ದು ಊರೊಂದೇ. ಉಜ್ಜಿ ನುಣುಪು ಮಾಡಲೆಂದು ಬಿಲ್ಲೆಯನ್ನು ರಜೆಯಲ್ಲಿ ಮನೆಗೆ ಒಯ್ದಿದ್ದೆ.

ಶನಿವಾರ ಮಧುಗಿರಿ ಬಸ್ಸು ಹಿಡಿದೆ. ಅವ್ವ ರೊಪ್ಪದಲ್ಲಿ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನನ್ನ ಬಿಲ್ಲೆಯ ಡಬ್ಬಿ ಮುಟ್ಟಿದ್ದೆಯಾ ಎಂದು ಕೇಳಿದೆ.

“ಆಯುಧಪೂಜೆ ದಿನ ನಿಮ್ಮಪ್ಪನ ಉಣ್ಣೆ ಕತ್ರಿಗೆ ಈಬೂತಿ ಇಟ್ಟೆ. ನಿನ್ ಕಸುಬಿನ ಸಾಮಾನು ಅದೇ ಅಲ್ವೇನ್ಲಾ? ಅದ್ಕೂ ಒಂದ್ ಬೊಟ್ಟು ಇಟ್ಟೆ. ಆಮ್ಯಾಕೆ ನೀನು ಬೈತೀಯ ಅಂತ ಸೆರಗ್ನಾಗೆ ಒರಸ್ಬುಟ್ಟೆ ಕಣ್ಲಾ.” ಸೊಪ್ಪು ಕೈಯಲ್ಲೇ ಉಳಿಯಿತು. “ಯಾಕ್ಲಾ, ಕೆಟ್ಟೋಯ್ತಾ?”

ಇಲ್ಲವೆಂದೆ. ವಿಭೂತಿಯಲ್ಲಿ ಇರುವುದೇ ಕ್ಯಾಲ್ಸಿಯಂ. ಹಿಂದಿರುಗುವ ಬಸ್ಸಿನಲ್ಲಿ ಸುಳ್ಳುಗಳನ್ನು ಜೋಡಿಸಿದೆ. ನಂಬುವಂಥದ್ದು ಒಂದೇ ಸಿಕ್ಕಿತು: ನನ್ನ ಹಿಂದಿನ ಸರದಿಯವನು ಗೂಡು ಕೆಡಿಸಿಟ್ಟಿದ್ದ ಎನ್ನುವುದು. ಹಾಗೆ ಹೇಳಿದ್ದರೆ ಅವನ ವರ್ಷ ಹೋಗುತ್ತಿತ್ತು.

ಸೋಮವಾರ ಯಂತ್ರದ ಪುಸ್ತಕದಲ್ಲಿ ‘ವಿಭೂತಿ, ಮನೆಯ ಆಯುಧಪೂಜೆಯಲ್ಲಿ’ ಎಂದು ಬರೆದೆ. ಮಾರ್ಗದರ್ಶಕರು ಎರಡು ಸಲ ಓದಿದರು.

“ಕುಂಕುಮಾನೂ ಇಟ್ಟಿದ್ರಾ?”

“ಇಲ್ಲ ಸರ್.”

ಅವರು ನಗಲಿಲ್ಲ. “ಆರ್ಗಾನ್ ಬಿಟ್ಟು ಕೆರೆಯಿರಿ. ಸಂಜೆಯೊಳಗೆ ಗುಡ್ಡ ಹೋದ್ರೆ ಸರಿ. ಇಲ್ದಿದ್ರೆ ನಿಯಮ ಗೊತ್ತಲ್ಲ.”

ಆರ್ಗಾನ್ ಅಯಾನುಗಳು ಮೇಲ್ಮೈಯನ್ನು ಪದರ ಪದರವಾಗಿ ಉದುರಿಸುತ್ತವೆ. ಮೊದಲ ಸುತ್ತಿಗೆ ಗುಡ್ಡ ಅರ್ಧವಾಯಿತು. ಎರಡನೆಯದಕ್ಕೂ ಅಷ್ಟೇ ಉಳಿಯಿತು. ಮೂರನೆಯದು ಮುಗಿದಾಗ ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಪೆನ್ನು ಮುನ್ನೂರ ನಲವತ್ತೇಳನ್ನು ದಾಟುವವರೆಗೆ ನಾನು ಗೋಡೆ ನೋಡುತ್ತಿದ್ದೆ. ತಿರುಗಿದಾಗ ಗೆರೆ ಚಪ್ಪಟೆಯಾಗಿತ್ತು. ನಂಬದೆ ಇನ್ನೊಮ್ಮೆ ಓಡಿಸಿದೆ. ಚಪ್ಪಟೆಯೇ.

ಮಾರ್ಗದರ್ಶಕರು ಕಾಗದ ಹರಿದುಕೊಂಡು ಹೋದರು. ಸರದಿಯ ಕರಿಹಲಗೆಯಲ್ಲಿ ನನ್ನ ಹೆಸರು ಹಾಗೇ ಇತ್ತು. ಹಾಸ್ಟೆಲಿಗೆ ಹೊರಡುವ ಮುನ್ನ ಮೂರು ಸಲ ಹೋಗಿ ನೋಡಿದೆನೆಂದು ದಿನಚರಿಯಲ್ಲಿದೆ.