ಆರ್ಡಿಸಳನ್ನು ಬೈದವರು

ಆರ್ಡಿಸ್ ಬಾಕೆನ್‌ಳ ಬಾಯಿಗೆ ಹೆದರದವರು ನಮ್ಮ ಕಣಿವೆಯಲ್ಲಿ ಯಾರೂ ಇರಲಿಲ್ಲ. ವಯೋಮಿಂಗ್‌ನ ಚಳಿಗಾದರೆ ಒಂದು ಕೋಟು ಹೆಚ್ಚಿಗೆ ಹಾಕಿಕೊಳ್ಳಬಹುದು, ಅವಳ ನಾಲಿಗೆಗೆ ಏನು ಹಾಕಿಕೊಳ್ಳುವುದು?

ಚಳಿಗಾಲದಲ್ಲಿ ಬೆಟ್ಟದ ಉದ್ಯಾನದ ರಸ್ತೆಗೆ ಕಾರು ಬಿಡುವುದಿಲ್ಲ. ಬೆಳಗಿನ ಜಾವ ಯಂತ್ರ ಬಂದು ಹಿಮವನ್ನು ಒತ್ತಿ ಸಮ ಮಾಡಿ, ಬಲಗಡೆ ಎರಡು ಗೀರು ಕೊರೆದು ಹೋಗುತ್ತದೆ. ಆ ಜೋಡಿ ಜಾಡು ಕಾಲಿಗೆ ಉದ್ದ ಪಟ್ಟಿ ಕಟ್ಟಿ ಜಾರುವ ಸ್ಕೀಯವರದ್ದು. ತಟ್ಟೆಯಂಥ ಸ್ನೋಶೂ ಕಟ್ಟಿಕೊಂಡು ನಡೆಯುವವರು ಎಡ ಅಂಚು ಹಿಡಿಯಬೇಕು. ಅಗಲ ಪಾದ ಜಾಡಿನೊಳಗೆ ಬಿತ್ತೋ, ಗೀರು ಕುಸಿಯುತ್ತದೆ, ಹಿಂದೆ ಬರುವ ಸ್ಕೀ ಮುಗ್ಗರಿಸುತ್ತದೆ. ಇದು ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಗೊತ್ತಿಲ್ಲದವರಿಗೆ ಆರ್ಡಿಸ್ ಗೊತ್ತು ಮಾಡಿಸುತ್ತಿದ್ದಳು.

"ಏಯ್ ಬಾತುಕೋಳಿ! ಕಣ್ಣು ಮನೇಲಿಟ್ಟು ಬಂದಿದೀಯಾ? ಅಂಚಿಗೆ ಹೋಗು!"

ಯಾರೆಂದು ನೋಡುತ್ತಿರಲಿಲ್ಲ. ಚರ್ಚಿನ ಪಾದ್ರಿ ಒಮ್ಮೆ ಜಾಡು ತುಳಿದು ಸಿಕ್ಕಿಬಿದ್ದು, "ದೇವರ ಸೃಷ್ಟಿ ಎಲ್ಲರದ್ದೂ ಅಲ್ವೇನಮ್ಮ?" ಎಂದು ನಕ್ಕರು.

"ಹಿಮ ದೇವರದ್ದು ಪಾದ್ರಿಗಳೇ, ಜಾಡು ನಮ್ಮ ಸ್ಕೀ ಕ್ಲಬ್ಬಿಂದು. ಸರೀರಿ ಆಚೆ."

ಶಾಲೆಯ ಬಸ್ಸು ಓಡಿಸಿ ಬದುಕಿದವಳು ಅವಳು. ಬಸ್ಸಿಗೆ ರಜೆ ಇದ್ದ ದಿನವೆಲ್ಲ ಈ ರಸ್ತೆಯ ಮೇಲೆ ಇರುತ್ತಿದ್ದಳು. ಗಂಡ ಆರಿನ್‌ನನ್ನು ಮಣ್ಣು ಮಾಡಿದ ಮರುದಿನವೂ ಸ್ಕೀ ಹೆಗಲಿಗೇರಿಸಿ ಬಂದಳು. ಊರು ಏನೇನೋ ಆಡಿಕೊಂಡಿತು. ಎಮ್ಮೆಯ ಮೇಲೆ ಮಳೆ ಸುರಿದಂತಾಯಿತು, ಅಷ್ಟೇ.

ಇಂಥವಳು ಬಿದ್ದದ್ದು ಎಲ್ಲಿ? ಅಡುಗೆಮನೆಯಲ್ಲಿ. "ಬೆಟ್ಟದ ಮೇಲೆ ಬಿದ್ದಿದ್ರೆ ಒಂದು ಮರ್ಯಾದೆ ಇರ್ತಿತ್ತು. ಪಾತ್ರೆ ತೊಳೆಯೋ ನೀರಲ್ಲಿ ಜಾರಿದೆ!" ಎಂದು ಆಸ್ಪತ್ರೆಯಲ್ಲಿ ಹಲ್ಲು ಕಡಿದಳು. ಸೊಂಟದ ಕೀಲಿಗೆ ಲೋಹ ಕೂಡಿಸಿದ ಡಾಕ್ಟರು, ನಡೆಯಬಹುದು, ಸ್ಕೀ ಮಾತ್ರ ಇನ್ನು ಬೇಡ ಎಂದರು.

ಅದನ್ನಾದರೂ ನುಂಗಿಕೊಂಡಳು. ನುಂಗಲಾರದ್ದು ಜನರ ಮೆತ್ತಗಿನ ಮಾತು. ಊರಿಗೆ ಊರೇ ಅವಳೆದುರು ದನಿ ತಗ್ಗಿಸಿತು. ಸಾರಿಗೆ ಉಪ್ಪು ಹೆಚ್ಚಾಯಿತೆಂದರೂ ಜಗಳಕ್ಕೆ ನಿಲ್ಲುತ್ತಿದ್ದ ಮಗಳು ಲೋರ್ನಾ ಈಗ ಎಲ್ಲಕ್ಕೂ, "ಆಯ್ತಮ್ಮ, ನೀನು ಹೇಳಿದ ಹಾಗೇ" ಎನ್ನುತ್ತಿದ್ದಳು. ಹೆತ್ತ ಮಗಳ ಬಾಯಲ್ಲಿ ಆ ಮಾತು ಕೇಳಿದಾಗಲೆಲ್ಲ ಆರ್ಡಿಸಳಿಗೆ ತನ್ನ ಹೆಣದ ಮುಂದೆ ತಾನೇ ಕೂತಂತೆ ಆಗುತ್ತಿತ್ತು.

ನಮ್ಮಲ್ಲೊಂದು ಪದ್ಧತಿ ಇದೆ. ಪ್ರತಿ ಚಳಿಗಾಲ ಜಾಡು ಕೊರೆದ ಮೊದಲ ದಿನ ಕ್ಲಬ್ಬಿನ ಅತಿ ಹಿರಿಯರು ಮುಂದೆ ಹೋಗಬೇಕು. ಅವರು ಪೈನ್ ಮರದ ತಿರುವು ಮುಟ್ಟುವ ತನಕ ಯಾರೂ ಅವರನ್ನು ದಾಟುವಂತಿಲ್ಲ. ಆ ವರ್ಷ ಸರದಿ ಆರ್ಡಿಸಳದು. ಕ್ಲಬ್ಬಿನ ಅಧ್ಯಕ್ಷ ಕೋಲ್ಬಿ ಮನೆಗೆ ಬಂದು, ಟೋಪಿ ತಿರುಗಿಸುತ್ತಾ ಕೂತ.

"ಮಿಸೆಸ್ ಬಾಕೆನ್, ಹಗ್ಗ ಕಟ್ಟಿ ಒಂದು ಜಾರುಬಂಡಿ ರೆಡಿ ಮಾಡಿದೀವಿ. ಕಂಬಳಿ ಹೊದ್ದು ಆರಾಮಾಗಿ ಕೂತ್ಕೊಳ್ಳಿ, ನಾನೇ ಎಳೀತೀನಿ."

"ನಾನೇನು ಸೌದೆ ಹೊರೆನಾ ಎಳ್ಕೊಂಡು ಹೋಗೋಕೆ?"

"ಹಾಗಲ್ಲ, ಗೌರವಕ್ಕೆ..."

"ಆ ಗೌರವ ನಿಮ್ಮಮ್ಮಂಗೆ ಮಾಡು, ಹೋಗು."

ಅವನ ಬೆನ್ನ ಹಿಂದೆಯೇ ಬಾಗಿಲು ದಢಾರನೆ ಹಾಕಿದಳು. ಈ ವರ್ಷ ಕೂತರೆ ಮುಂದಿನ ವರ್ಷ ಏಳಲು ಯಾರೂ ಬಿಡುವುದಿಲ್ಲ. ಕೋಟು ಹಾಕಿಕೊಂಡು ನೇರ ಮರ್ಲ್‌ನ ಮನೆಗೆ ನಡೆದಳು. ಜೀವಮಾನವಿಡೀ ಸ್ನೋಶೂನಲ್ಲೇ ಓಡಾಡಿದ ಮುದುಕ ಅವನು. ಅವಳಿಂದ ಬೈಸಿಕೊಂಡವರಲ್ಲಿ ಮೊದಲಿಗ.

"ನಿನ್ನ ಒಂದು ಜೊತೆ ಕೊಡು."

ಮರ್ಲ್ ಬಾಗಿಲಿಗೆ ಒರಗಿ ನಿಂತ. "ಬಾತುಕೋಳಿ ಸಂಘಕ್ಕೆ ಸ್ವಾಗತ ಕಣಮ್ಮ!"

"ಸಾಲ ಕೇಳೋಕೆ ಬಂದಿದೀನಿ, ಸಂಘ ಸೇರೋಕಲ್ಲ."

ಜಾಡಿನ ಮೊದಲ ದಿನ ಊರೆಲ್ಲ ಉದ್ಯಾನದ ಗೇಟಿನ ಬಳಿ ಸೇರಿತ್ತು. ಆರ್ಡಿಸ್ ಸ್ನೋಶೂ ಕಟ್ಟಿ, ಎರಡು ಕೋಲು ಊರಿ ಎಲ್ಲರ ಮುಂದೆ ಬಂದು ನಿಂತಳು. ಕೋಲ್ಬಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಪದ್ಧತಿ ಅಂದ್ರೆ... ಸ್ಕೀ ಮೇಲೆ... ನೋಡೋಣ ಅಂತ..." ಎಂದ.

"ಹಿರಿಯರು ಮೊದಲು ಅನ್ನೋದು ಪದ್ಧತಿ. ಕಾಲಲ್ಲಿ ಏನಿರ್ಬೇಕು ಅಂತ ಯಾರಪ್ಪ ಹೇಳಿದಾನೆ?"

ಹೇಳಿ ಹೊರಟೇಬಿಟ್ಟಳು. ಆಗಲೇ ಆದದ್ದು ಅನಾಹುತ. ಇಷ್ಟು ವರ್ಷ ಹೋದ ದಾರಿ, ಕಾಲು ತನ್ನ ಪಾಡಿಗೆ ತಾನು ಬಲಕ್ಕೆ ತಿರುಗಿತು. ಆಗಷ್ಟೇ ಗಟ್ಟಿಯಾಗಿದ್ದ ಹೊಸ ಜಾಡಿನೊಳಗೆ ಧಪಧಪ ಹೆಜ್ಜೆ ಬಿತ್ತು. ಗೀರು ಪುಡಿಪುಡಿ.

ಆರ್ಡಿಸ್ ಕೆಳಗೆ ನೋಡಿದಳು. ಮುಖಕ್ಕೆ ರಕ್ತ ನುಗ್ಗಿತು. ಈಗ ಬೈಯುತ್ತಾರೆ ಎಂದು ಕಾದಳು. ಯಾರೂ ಬೈಯಲಿಲ್ಲ.

"ಪರವಾಗಿಲ್ಲ, ಪರವಾಗಿಲ್ಲ," ಎಂದ ಕೋಲ್ಬಿ, ಕಾಯಿಲೆಯವರಿಗೆ ಗಂಜಿ ಕುಡಿಸುವವನಂತೆ.

ಅವಳು ಗರ್ರನೆ ತಿರುಗಿದಳು. "ಏನು ಪರವಾಗಿಲ್ಲ? ಪಾದ್ರಿನೇ ಬಿಟ್ಟವಳಲ್ಲ ನಾನು. ನನಗ್ಯಾಕೋ ಪರವಾಗಿಲ್ಲ? ಸತ್ತಿದೀನಾ? ಜಾಡು ತುಳಿದಿದೀನಿ, ಬೈ!"

"ಮಿಸೆಸ್ ಬಾಕೆನ್, ದಯವಿಟ್ಟು..."

"ಬೈಯೋ! ನೀನು ಅಧ್ಯಕ್ಷನೋ, ಜಾರುಬಂಡಿ ಎಳೆಯೋ ನಾಯಿನೋ?"

ಕೋಲ್ಬಿಯ ಕಿವಿ ಕೆಂಪಾಯಿತು. ಬೆಳಗಿನಿಂದ ತಡೆದದ್ದೆಲ್ಲ ಒಟ್ಟಿಗೆ ಹೊರಬಂತು. "ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡ್ಸಿದ ಜಾಡು ಕಣ್ರೀ ಅದು! ಕಾಲಲ್ಲ ಅದು, ಒನಕೆ! ತೆಗೀರಿ ಆಚೆ!"

"ಹಾಂ. ಹಾಗೆ ಮಾತಾಡು," ಎಂದು ಆರ್ಡಿಸ್ ಎಡ ಅಂಚಿಗೆ ಸರಿದಳು.

ಗುಂಪು ನಗಬೇಕೋ ಬೇಡವೋ ತಿಳಿಯದೆ ಹಿಂದೆ ಹೊರಟಿತು. ದಾಟುವಂತಿಲ್ಲವಲ್ಲ! ವೇಗವಾಗಿ ಹೋದರೆ ಮೈ ಬಿಸಿಯಾಗುತ್ತದೆಂದು ತೆಳು ಬಟ್ಟೆ ತೊಟ್ಟ ಸ್ಕೀಯವರೆಲ್ಲ ಅವಳ ಹಿಂದೆ ಇರುವೆ ಸಾಲಾಗಿ ನಡುಗುತ್ತಾ ತೆವಳಿದರು. ಏರು ಬಂದಾಗ ಸೊಂಟದಲ್ಲಿ ಕಾದ ಸಲಾಕೆ ತಿರುಗಿಸಿದಂತಾಯಿತು. ಅವಳು ಕೋಲಿನ ಮೇಲೆ ಭಾರ ಬಿಟ್ಟು ನಿಂತಳು. ಬೆನ್ನ ಹಿಂದೆಯೇ ಲೋರ್ನಾ ಇದ್ದಳು. ಈಗ ಇವಳು ಜಾರುಬಂಡಿ ತರಿಸುತ್ತಾಳೆ ಎಂದುಕೊಂಡಳು ಆರ್ಡಿಸ್. ಮಗಳು ಆ ಮೆತ್ತಗಿನ ದನಿಯಲ್ಲಿ ಕರೆದರೆ ತಾನು ಕೂತೇಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಹೆದರಿದಳು.

"ಅಮ್ಮಾ!" ಲೋರ್ನಾ ಕಿರುಚಿದಳು. "ಬಸವನಹುಳುನೂ ನಿನ್ನ ದಾಟಿ ಹೋಗತ್ತೆ! ನನ್ನ ಬೆರಳು ಉದುರಿ ಹೋಗ್ತಿದೆ ಇಲ್ಲಿ, ಹೆಜ್ಜೆ ಹಾಕ್ತೀಯೋ ಇಲ್ವೋ?"

ಆರ್ಡಿಸ್ ತಿರುಗಲಿಲ್ಲ. ಕಣ್ಣು ತುಂಬಿ ಬಂದದ್ದನ್ನು ಮಗಳಿಗೆ ತೋರಿಸುವ ಮನಸ್ಸಿರಲಿಲ್ಲ.

"ದಪ್ಪ ಕೈಗವಸು ಹಾಕ್ಕೊಂಡು ಬಾ ಅಂದ್ರೆ ಕೇಳಿದ್ಯಾ?"

"ನೀನು ಯಾವತ್ತು ನನ್ನ ಮಾತು ಕೇಳಿದೀಯಾ?"

"ಕೇಳೋ ಹಾಗಿರೋ ಮಾತು ಯಾವತ್ತು ಆಡಿದೀಯಾ?"

ಪೈನ್ ಮರದ ತಿರುವು ಬರುವ ತನಕ ತಾಯಿ ಮಗಳ ಜಗಳ ನಿಲ್ಲಲಿಲ್ಲ. ಆರ್ಡಿಸಳ ಕಾಲೂ ನಿಲ್ಲಲಿಲ್ಲ.