ಪಂಚ್ ಮೆಷಿನ್ನಿನ ಜೊತೆ ನೇರ ಮಾತು

ಮೊನ್ನೆ ಸಜ್ಜೆಯ ಮೇಲಿನ ಹಳೇ ಪುಸ್ತಕಗಳ ಧೂಳು ಹೊಡೆಯುತ್ತಿದ್ದಾಗ ಒಂದು ದಪ್ಪ ಕೈಪಿಡಿಯೊಳಗಿಂದ ಕಾಗದದ ಪಟ್ಟಿಯೊಂದು ಜಾರಿ ಬಿತ್ತು. ಹೆಬ್ಬೆರಳಗಲ, ಮೊಳದುದ್ದ, ಮೈತುಂಬ ತೂತು. ಮೂಗಿಗೆ ಹಿಡಿದೆ. ಇಷ್ಟು ವರ್ಷದ ಮೇಲೂ ಮೆಷಿನ್ ಎಣ್ಣೆಯ ವಾಸನೆ! ಇದು ನನ್ನ ಗೆಲುವಿನ ಪಟ್ಟಿ. ಮನೆಗೆ ಬಂದವರಿಗೆಲ್ಲ ಇದನ್ನು ತೋರಿಸಿ, ಕಥೆ ಹೇಳಿ ಬೇಸರ ಹಿಡಿಸಿದ್ದೇನೆ. ಇವತ್ತು ಸಿಕ್ಕಿದವರು ನೀವು, ಕೂತುಕೊಳ್ಳಿ.

ಎಂಬತ್ತರ ದಶಕದ ಕೊನೆ. ತಮಿಳುನಾಡಿನ ಗಡಿಯ ನಮ್ಮ ಬಾಗಲೂರಿನಿಂದ ಹೊಸೂರಿನ ಕಾರ್ಖಾನೆಗೆ ಬೆಳಗಿನ ಬಸ್ಸು ಹಿಡಿಯುತ್ತಿದ್ದವರಲ್ಲಿ ನಾನೊಬ್ಬಳೇ ಹೆಣ್ಣು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದೆ ಎಂಬ ಜಂಬ ಬೇರೆ. ನಮ್ಮ ಲೇತುಗಳು ಇಂಥ ತೂತು ಪಟ್ಟಿಗಳನ್ನು ಓದಿಕೊಂಡು ಕಬ್ಬಿಣ ಕೊರೆಯುತ್ತಿದ್ದವು. ಆ ವರ್ಷ ಒಂದು ಕಂಪ್ಯೂಟರ್ ಬಂತು. ಅದು ಲೆಕ್ಕ ಹಾಕಬೇಕು, ಪಂಚ್ ಮೆಷಿನ್ ಪಟ್ಟಿಗೆ ತೂತು ಹೊಡೆಯಬೇಕು. ಆದರೆ ಅವೆರಡಕ್ಕೂ ಮಾತುಕತೆಯೇ ಇಲ್ಲ. ಮಾತಾಡಿಸುವ ಪುಟ್ಟ ಪ್ರೋಗ್ರಾಮನ್ನು ಡ್ರೈವರ್ ಎನ್ನುತ್ತಾರೆ; ಅದನ್ನು ಯಾರಾದರೂ ಬರೆಯಬೇಕು, ಇಲ್ಲವೇ ಕೊಳ್ಳಬೇಕು.

ನಮ್ಮ ಮ್ಯಾನೇಜರು ಮದ್ರಾಸಿನವರು. ಒಳ್ಳೆಯವರೇ, ಸ್ವಲ್ಪ ಆತುರ. ಮದ್ರಾಸಿನ ಕಂಪನಿಯೊಂದು ಎಲ್ಲ ಬಗೆಯ ಮೆಷಿನ್ನಿಗೂ ಹೊಂದುವಂತೆ ಮಾಡಿಟ್ಟ ಡ್ರೈವರ್ ಫ್ಲಾಪಿಗಳ ಸೆಟ್ ತರಿಸಬೇಕೆಂದು ಅವರ ಆಸೆ.

"ರೆಡಿಮೇಡ್ ವಾಂಗಿನಾ ಪೋದುಮೇ, ಕೊಂಡ್ರೆ ಸಾಕಲ್ಲ, ಯಾಕಮ್ಮ ತಲೆ ಕೆಡಿಸ್ಕೋತೀಯ?" ಅಂದರು.

ಕಂಪ್ಯೂಟರಿನ ಜೊತೆಗೇ ಬಂದ, ಪ್ರೋಗ್ರಾಮು ಬರೆಯುವ ಸಲಕರಣೆ ಮತ್ತು ಈ ಕೈಪಿಡಿ ಸಾಕು, ನಾನೇ ಬರೆಯುತ್ತೇನೆ ಅಂದೆ. "ಸರಿ, ಮೂರು ವಾರ. ಆಗದಿದ್ರೆ ಮತ್ತೆ ಸ್ಟೋರ್ಸಿಗೆ ಹೋಗಿ ಟೈಪ್ ಮಾಡು" ಅಂದುಬಿಟ್ಟರು. ಎರಡು ವರ್ಷ ಅಲ್ಲಿ ಕೂತು ಬೋಲ್ಟು ನಟ್ಟುಗಳ ಪಟ್ಟಿ ಟೈಪ್ ಮಾಡಿ ಬಂದವಳು ನಾನು. ಸತ್ತರೂ ಅಲ್ಲಿಗೆ ವಾಪಸು ಹೋಗಬಾರದು ಎನಿಸಿತು.

ಈ ಹಟ ನನಗೆ ಅವ್ವನಿಂದ ಬಂದದ್ದು. ಸಂತೆಯಲ್ಲಿ ಹುರುಳಿಕಾಯಿ ಮಾರುವಾಗ ಅವಳು ತಮಿಳಿನವರಿಗೆ ತಮಿಳು, ತೆಲುಗಿನವರಿಗೆ ತೆಲುಗು. ಅವಳ ತಮಿಳು ಕೇಳಿದರೆ ನಮ್ಮ ತಮಿಳು ಮೇಷ್ಟ್ರು ಕಿವಿ ಮುಚ್ಚಿಕೊಳ್ಳಬೇಕು, ಆದರೆ ವ್ಯಾಪಾರ ನಿಂತದ್ದಿಲ್ಲ. ದಲ್ಲಾಳಿ ನಡುವೆ ಬಾಯಿ ಹಾಕಿದರೆ, "ನೀನ್ ಸುಮ್ಕಿರ್ಲಾ, ಅವ್ರ ಬಾಸೆ ನಂಗೇ ಬತ್ತದೆ" ಎಂದು ಗದರುತ್ತಿದ್ದಳು. ನೀವೇ ಹೇಳಿ, ಇಂಥವಳ ಮಗಳು ಒಂದು ಪಂಚ್ ಮೆಷಿನ್ನನ್ನು ಮಾತಾಡಿಸಲು ದುಭಾಷಿ ಇಟ್ಟುಕೊಳ್ಳುತ್ತಾಳೆಯೇ?

ಮ್ಯಾನೇಜರು ಮೂರು ವಾರ ಕಾಯಲಿಲ್ಲ. ಎರಡನೇ ವಾರಕ್ಕೇ ಆ ಸೆಟ್ ತರಿಸಿ ಹಾಕಿಸಿದರು. ಅರ್ಧ ದಿನದಲ್ಲಿ ಪಂಚ್ ಟಕಟಕ ಹೊಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಲೇತ್ ನಡೆಸುವ ಮುನಿಯಪ್ಪಣ್ಣ ಆ ಪಟ್ಟಿಯ ಪ್ರಕಾರ ಕೊರೆದ ತುಂಡನ್ನು ಹಿಡಿದು ಬಂದ. "ಇದೇನ್ ಸಾರ್ ಇದು? ಪಟ್ಟಿ ಮದ್ಯದಾಗೆ ಒಂದ್ ತೂತಿನ್ ಸಾಲೇ ನುಂಗ್ಬುಟ್ಟದೆ!"

ಪಂಚ್ ಬಿಸಿಯಾದ ಮೇಲೆ ನಿಧಾನವಾಗುತ್ತಿತ್ತು. ಸೆಟ್ಟಿನ ಡ್ರೈವರ್ ಅದನ್ನು ವಿಚಾರಿಸದೆ ಮುಂದಿನ ಸಾಲನ್ನು ತುರುಕುತ್ತಿತ್ತು, ಪರದೆಯ ಮೇಲೆ ಮಾತ್ರ ಎಲ್ಲ ಸರಿ ಎಂದೇ ತೋರಿಸುತ್ತಿತ್ತು. ಒಳಗೆ ಕೈ ಹಾಕಿ ತಿದ್ದಲು ದಾರಿಯಿಲ್ಲ. ಮ್ಯಾನೇಜರು ಮದ್ರಾಸಿಗೆ ಕಾಗದ ಬರೆದು ಕೂತರು.

ನಾನು ಬರೆದದ್ದು ಪ್ರತಿ ಸಾಲಿಗೂ ಪಂಚನ್ನು "ಆಯ್ತಾ?" ಎಂದು ಕೇಳಿ ಮುಂದುವರಿಯುವ ಡ್ರೈವರ್. ಮೂರನೇ ವಾರದ ಕೊನೆಯ ದಿನ ಬೆಳಿಗ್ಗೆ ಎಲ್ಲರೆದುರು ಓಡಿಸಿದೆ. ಚೆನ್ನಾಗಿಯೇ ಹೊರಟು, ನಡುವೆ ನಿಂತುಬಿಟ್ಟಿತು. ಕಂಪ್ಯೂಟರೂ ಮಿಸುಕಾಡಲಿಲ್ಲ. ನೋಡಿದರೆ ಸುರುಳಿಯಲ್ಲಿ ಕಾಗದವೇ ಮುಗಿದಿತ್ತು. ನನ್ನ ಪ್ರೋಗ್ರಾಮು ಪಾಪ, "ಆಯ್ತಾ, ಆಯ್ತಾ" ಎಂದು ಕೇಳುತ್ತಲೇ ಇತ್ತು. ಮ್ಯಾನೇಜರು ನಕ್ಕು ಸ್ಟೋರ್ಸಿನ ಕಡೆ ನೋಡಿದರು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಮುನಿಯಪ್ಪಣ್ಣ ಹತ್ತಿರ ಬಂದ. "ಎಷ್ಟೊತ್ತೂಂತ ಕಾಯ್ತೀಯಮ್ಮ? ಉತ್ರ ಬರ್ದೇ ಇದ್ರೆ ಬರ್ಲಿಲ್ಲಾಂತ ಕೂಗ್ಬೇಕು ಕಣಮ್ಮ."

"ಸಾರ್, ಊಟದ ಹೊತ್ತು ಮುಗಿಯೋವರೆಗೂ ಟೈಮ್ ಕೊಡಿ" ಅಂದೆ. ಊಟ ಬಿಟ್ಟು ಕೂತೆ. ಇಷ್ಟು ಹೊತ್ತು ಕಾದರೂ ಉತ್ತರ ಬರದಿದ್ದರೆ ಗಂಟೆ ಬಾರಿಸು, ಕಾಗದ ನೋಡಲು ಹೇಳು ಎಂಬಷ್ಟನ್ನು ಸೇರಿಸಿದೆ. ಮಧ್ಯಾಹ್ನ ಹೊಸ ಸುರುಳಿ ಹಾಕಿ ಓಡಿಸಿದಾಗ ಪಟ್ಟಿ ಪೂರ್ತಿ ಬಂತು, ಮುನಿಯಪ್ಪಣ್ಣನ ತುಂಡೂ ಅಳತೆಗೆ ಸರಿಯಾಗಿತ್ತು. ಸ್ಟೋರ್ಸಿಗೆ ನಾನು ಮತ್ತೆ ಹೋಗಲಿಲ್ಲ.

ಮ್ಯಾನೇಜರ ಪಕ್ಷವನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಮೇಲೆ ಕಂಪ್ಯೂಟರ್ ಬದಲಾದಾಗ ನನ್ನ ಡ್ರೈವರ್ ಅದರಲ್ಲಿ ಒಂದು ಹೆಜ್ಜೆಯೂ ಇಡಲಿಲ್ಲ. ಅದೇ ಮದ್ರಾಸಿನ ಹೊಸ ಸೆಟ್ ಹಾಕಿದ ದಿನವೇ ಓಡಿತು, ಸಾಲನ್ನೂ ನುಂಗಲಿಲ್ಲ. "ಪಾತ್ತಿಯಾ, ನೋಡಿದ್ಯಾ?" ಎಂದು ಹುಬ್ಬು ಹಾರಿಸಿದರು. "ಪಾತ್ತೇನ್ ಸಾರ್" ಎಂದು, ಮತ್ತೆ ಮೊದಲಿನಿಂದ ಬರೆಯಲು ಕೂತೆ. ಬುದ್ಧಿವಂತರು ಕೊಳ್ಳುತ್ತಾರೆ ಎಂಬುದು ನನಗೂ ಗೊತ್ತಿತ್ತು.

ಇವತ್ತು ಈ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಳೇ ಅಭ್ಯಾಸದಂತೆ ಬೆರಳಾಡಿಸಿ ಓದಿದೆ. ಇದು ಪಟ್ಟಿಯ ಕೊನೆಯ ತುಂಡು. ಪೂರ್ತಿಯಾದ ಪಟ್ಟಿಯ ಕೊನೆಗೆ ಗೇಣುದ್ದ ಖಾಲಿ ಜಾಗ ಇರಲೇಬೇಕು. ಇದರಲ್ಲಿಲ್ಲ. ಒಂದು ಅಂಕಿಯ ನಡುವೆಯೇ ತೂತುಗಳು ನಿಂತಿವೆ, ಅಲ್ಲಿಗೇ ಕಾಗದ ಮುಗಿದಿದೆ. ಇಷ್ಟು ವರ್ಷ ನಾನು ಗೆಲುವೆಂದು ತೋರಿಸಿಕೊಂಡು ಬಂದದ್ದು ಆ ಬೆಳಗಿನ ಸೋಲನ್ನು!

ಮೊದಲು ನಾಚಿಕೆಯಾಯಿತು. ಆಮೇಲೆ ಯಾಕೆ ನಾಚಬೇಕು ಅನ್ನಿಸಿತು. ಆ ಸೆಟ್ಟಿನ ತಪ್ಪು ತಿದ್ದಲು ಮದ್ರಾಸಿನ ಅಂಚೆ ಕಾಯಬೇಕಿತ್ತು. ನನ್ನದನ್ನು ತಿದ್ದಲು ಒಂದು ಊಟ ಬಿಟ್ಟರೆ ಸಾಕಾಯಿತು. ಪೆನ್ನು ತೆಗೆದು, ತೂತು ನಿಂತ ಕಡೆ "ಇಲ್ಲಿ ನಾನು ತಪ್ಪಿದೆ" ಎಂದು ಬರೆದು, ಬಂದವರಿಗೆಲ್ಲ ಕಾಣುವಂತೆ ನಡುಮನೆಯ ಗೋಡೆಗೆ ಅಂಟಿಸಿದ್ದೇನೆ.