ಮೂಲೆಯ ಒಂದು ಗಾಜು

ಅಡುಗೆಮನೆ ಕಿಟಕಿಯ ಚೌಕಟ್ಟಿನ ಮೇಲೆ ಮೊದಲು ಕಾಣುತ್ತಿದ್ದದ್ದು ಕಿಟಕಿ ಒರೆಸಲು ಏಣಿ ಹತ್ತಿ ಬರುವ ಅವರ ಬೆರಳುಗಳು. ರಾತ್ರಿಯೆಲ್ಲ ನೆನೆಸಿಟ್ಟ ಅವರೆಕಾಳಿನ ಹಾಗೆ ಬಿಳಿಚಿ, ಸುಕ್ಕುಗಟ್ಟಿ, ಹಿಚುಕಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತವೇನೋ ಎನ್ನುವಂತಿದ್ದವು. ಆಮೇಲೆ ತಲೆಗೆ ಸುತ್ತಿದ ಟವೆಲ್ಲು, ಆಮೇಲೆ ಮುಖ.

ಆ ಶನಿವಾರ ಬೆಳಿಗ್ಗೆ ನಾನು ಎಂದಿನಂತೆ ಡಿಕಾಕ್ಷನ್ ಇಳಿಸಿ, ಮಗಳ ಬಿಳಿ ಕ್ಯಾನ್ವಾಸ್ ಶೂಗೆ ಚಾಕ್ ತಿಕ್ಕಿ, ಎರಡು ಜಡೆ ಹಾಕಿ, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿ, ಇಬ್ಬರನ್ನೂ ಗೇಟಿನವರೆಗೆ ಬಿಟ್ಟು ಬಂದಿದ್ದೆ. ತಿಂಗಳ ಮೊದಲ ಶನಿವಾರವಾದ್ದರಿಂದ ಕಿಟಕಿ ಒರೆಸುವವರಿಗೆಂದು ಒಂದು ಲೋಟ ಕಾಫಿ ಹೆಚ್ಚಿಗೆ ಬೆರೆಸಿದ್ದೆ. ಗೋಡೆಗೆ ಬಿದಿರಿನ ಏಣಿ ಒರಗಿದ ಸದ್ದಾಯಿತು. "ಕಿಟಕಿಗೆ ಬರ್ತಾ ಇದೀನಮ್ಮಾ" ಎಂದು ಮೂರು ಸಲ ಕೂಗೂ ಕೇಳಿತು. ಆದರೆ ಚೌಕಟ್ಟಿನ ಮೇಲೆ ಬಂದು ಕೂತ ಬೆರಳುಗಳು ಬೇರೆಯವರವು.

ಕುರುಬರಹಳ್ಳಿಯಿಂದ ಬರುವ ಇನ್ನೊಬ್ಬ ಕಿಟಕಿ ಒರೆಸುವವರು. ನನ್ನ ಮುಖ ನೋಡದೆ, ಗಾಜಿನ ಮೇಲೇ ಕಣ್ಣಿಟ್ಟು ಹೇಳಿದರು: "ಅಣ್ಣ ಹೋಗ್ಬಿಟ್ರಮ್ಮ. ಮಂಗಳವಾರ. ಎದೆ ನೋವು ಅಂದ್ರಂತೆ, ಅಷ್ಟೇ."

ಕಾಫಿ ಲೋಟ ನನ್ನ ಕೈಯಲ್ಲೇ ಇತ್ತು.

ನಮ್ಮ ಮನೆಯಲ್ಲಿ ಅವರಿಗೆ ಹೆಸರಿರಲಿಲ್ಲ. ಕಿಟಕಿಯವರು ಎಂದರೆ ಅವರೇ. ಎಂಬತ್ತರ ದಶಕದ ಆರಂಭದಲ್ಲಿ ನಾವು ಬಸವೇಶ್ವರನಗರಕ್ಕೆ ಬಂದಾಗ ಬೀದಿಯ ಅರ್ಧ ಸೈಟುಗಳು ಖಾಲಿ, ಉಳಿದರ್ಧದಲ್ಲಿ ಮನೆಗಳು ಏಳುತ್ತಿದ್ದವು. ಎಲ್ಲಿ ನೋಡಿದರೂ ಮರಳು, ಸಿಮೆಂಟು, ಕೆಂಪು ಧೂಳು. ಮಧ್ಯಾಹ್ನ ಒರೆಸಿದ ಗಾಜಿನ ಮೇಲೆ ಸಂಜೆ ಮಗಳು ಬೆರಳಲ್ಲಿ ಅ ಆ ಬರೆಯುತ್ತಿದ್ದಳು. ಒಂದು ದಿನ ಅವರು ಸೈಕಲ್ಲಿಗೆ ಏಣಿ ಕಟ್ಟಿಕೊಂಡು, ಹ್ಯಾಂಡಲಿಗೆ ಬಕೆಟ್ ತೂಗುಹಾಕಿಕೊಂಡು ಗೇಟಿನ ಹೊರಗೆ ಬಂದು ನಿಂತರು.

"ಒಂದು ಕಿಟಕಿ ಒರೆಸಿ ತೋರಿಸ್ತೀನಮ್ಮ. ಹಿಡಿಸಿದ್ರೆ ಮಿಕ್ಕಿದ್ದು."

ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕೊಯ್ದು ಮರದ ಹಿಡಿಗೆ ಮೊಳೆ ಹೊಡೆದಿದ್ದರು. ಸೋಪಿನ ನೀರಿಗೆ ಒಂದು ಚಮಚ ಸೀಮೆಎಣ್ಣೆ. ಆ ಪಟ್ಟಿ ಮೇಲಿನಿಂದ ಕೆಳಕ್ಕೆ ಒಂದೇ ಎಳೆತದಲ್ಲಿ ಇಳಿದು ಬಂದಾಗ ಬೀದಿಯ ಹೊಂಗೆಮರ ನಮ್ಮ ಹಾಲಿನೊಳಗೇ ಬಂದು ನಿಂತಂತಾಯಿತು.

ಅವರ ಕೆಲಸಕ್ಕೆ ಕಟ್ಟಳೆಗಳು ಬಹಳ. ಬಿಸಿಲು ಬಿದ್ದ ಗಾಜನ್ನು ಮುಟ್ಟುವಂತಿಲ್ಲ, ನೀರು ಅಲ್ಲೇ ಒಣಗಿ ಗೀರು ನಿಲ್ಲುತ್ತದೆ. ಹಾಗಾಗಿ ಬೆಳಿಗ್ಗೆ ಪಶ್ಚಿಮದ ಕಿಟಕಿ, ಇಳಿಹೊತ್ತಿಗೆ ಪೂರ್ವದ್ದು. ಏಣಿ ಹತ್ತುವ ಮುಂಚೆ ಮೂರು ಸಲ ಕೂಗಲೇಬೇಕು. ಒಂದು ಸಲ ಸಾಲದೇ ಎಂದು ಕೇಳಿದ್ದಕ್ಕೆ, "ಮೊದಲ್ನೇ ಕೂಗಿಗೆ ಸೆರಗು ಸರಿ ಮಾಡ್ಕೋತಾರೆ, ಎರಡ್ನೇದಕ್ಕೆ ಜಗಳ ನಿಲ್ಲಿಸ್ತಾರೆ. ಮೂರ್ನೇದು ಕಿವಿ ಕೇಳ್ಸದೆ ಇರೋ ಅಜ್ಜಿಯರಿಗೆ" ಎಂದು ನಕ್ಕಿದ್ದರು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಕಣ್ಣು ಗಾಜಿನ ಮೇಲಿರಬೇಕು, ಗಾಜಿನಾಚೆ ಅಲ್ಲ. ಎದುರು ಮನೆಗೆ ಟೀವಿ ಬಂದಾಗ ನಾನು ತಡೆಯಲಾರದೆ ಕೇಳಿಬಿಟ್ಟೆ: "ಅವರ ಮನೆ ಕಿಟಕಿ ಒರೆಸಿದ್ರಲ್ಲ, ಬಣ್ಣದ್ದೇನ್ರೀ ಟೀವಿ?"

"ಟೀವಿ ನೋಡ್ಲಿಲ್ಲಮ್ಮ. ಗಾಜಿನ ಮೇಲೆ ಕಾಗೆ ಗಲೀಜು ಮಾಡಿತ್ತು, ಅದನ್ನ ನೋಡ್ದೆ."

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹತ್ತು ವರ್ಷ ಹೇಳಿಕೊಟ್ಟರೂ ಹತ್ತದ ಪಾಠವೊಂದು ನನಗೆ ಅಂದು ಹತ್ತಿತು.

ಇನ್ನೊಂದು ದಿನ ತವರಿನಿಂದ ಬಂದ ಕಾಗದ ಓದಿ ಮಹಡಿಯ ಕೋಣೆಯಲ್ಲಿ ಅಳುತ್ತಾ ಕೂತಿದ್ದೆ. ಮೂರು ಕೂಗೂ ಕಿವಿಗೆ ಬಿದ್ದಿರಲಿಲ್ಲ. ತಲೆಯೆತ್ತಿದರೆ ಏಣಿ ಸದ್ದಿಲ್ಲದೆ ಕಿಟಕಿಯಿಂದ ಸರಿಯುತ್ತಿತ್ತು. "ಮೇಲಿನ ಕಿಟಕಿ ಮೇಲೆ ಬಿಸಿಲು ಬಿದ್ದಿದೆಯಮ್ಮ, ನಾಳೆ ಬರ್ತೀನಿ" ಎಂದು ಕೆಳಗಿನಿಂದ ಹೇಳಿ ಹೊರಟುಹೋದರು. ಅಂದು ಬೆಳಗಿನಿಂದ ಮೋಡ ಕವಿದಿತ್ತು. ಸೂರ್ಯ ಮುಖ ತೋರಿಸಿಯೇ ಇರಲಿಲ್ಲ.

ನಾನು ಅವರಿಗೆ ಮಾಡಿದ ತಪ್ಪನ್ನೂ ಹೇಳಬೇಕು. ಒಂದು ವರ್ಷ ರಾಜಾಜಿನಗರದ ಅಂಗಡಿಯೊಂದರ ಮುಂದೆ ಏಣಿ ಜಾರಿ ಅವರ ಕಾಲು ಮುರಿಯಿತು. ಪಾರ್ಕಿನ ಈಚೆಯ ಬೀದಿ ಇವರದು, ಆಚೆಯವು ಕುರುಬರಹಳ್ಳಿಯವರವು ಎಂದು ಅವರಲ್ಲಿ ಮಾತಾಗಿತ್ತು. ಇವರು ಮಲಗಿದ ಮೇಲೆ ಕುರುಬರಹಳ್ಳಿಯವರೇ ನಮ್ಮ ಬೀದಿಗೂ ಬಂದರು. ಕೆಲಸ ಅಚ್ಚುಕಟ್ಟು. ಆದರೆ ಕೊನೆಯ ಕಿಟಕಿ, ಅಂದರೆ ಬೀದಿಗೆ ಕಾಣುವ ಹಾಲಿನ ಕಿಟಕಿಯಲ್ಲಿ, ಕೆಳಗಿನ ಮೂಲೆಯ ಒಂದು ಗಾಜನ್ನು ಹಾಗೆಯೇ ಬಿಟ್ಟು ಬಕೆಟ್ಟು ಎತ್ತಿಕೊಂಡರು.

"ಇದೊಂದು ಬಿಟ್ಟಿದೀರಲ್ಲ?"

"ಅದು ಇರ್ಲಿ ಬಿಡಿಮ್ಮ" ಎಂದು ಕಾಲ್ತೆಗೆದರು.

ಸೋಮಾರಿತನ ಎಂದುಕೊಂಡೆ. ಕಾನ್ವೆಂಟಿನಲ್ಲಿ ಬೆಂಚಿನ ಕಾಲಿನ ಹಿಂಭಾಗವನ್ನೂ ಒರೆಸಿ ಬೆಳೆದವಳು ನಾನು. ಹಳೆಯ ಪೇಪರು ಒದ್ದೆ ಮಾಡಿ ಆ ಗಾಜನ್ನು ನಾನೇ ತಿಕ್ಕಿ ಹೊಳೆಯಿಸಿದೆ. ಮುಂದಿನ ತಿಂಗಳೂ ಅದೇ ಮೂಲೆ, ಅದೇ ಗಾಜು. ಗೊಣಗಿಕೊಂಡು ಮತ್ತೆ ತಿಕ್ಕಿದೆ.

ಅದಾದ ಕೆಲವೇ ದಿನಗಳಿಗೆ ಅವರು ಬಂದರು. ಸೈಕಲ್ಲನ್ನೇ ಊರುಗೋಲಿನ ಹಾಗೆ ಹಿಡಿದು ಕುಂಟಿಕೊಂಡು. ಬೀದಿಯ ಮೊದಲನೇ ಮನೆ ನಮ್ಮದು. ನಾನು ಖುಷಿಯಿಂದ ಕಾಫಿ ತಂದರೆ, ಅವರಾಗಲೇ ಸೈಕಲ್ಲು ತಿರುಗಿಸಿದ್ದರು.

"ಇದೇನು, ಹೊರಟೇಬಿಟ್ರಿ?"

"ಪರವಾಗಿಲ್ಲಮ್ಮ. ತಮ್ಮ ಚೆನ್ನಾಗೇ ಒರೆಸಿದಾನೆ. ಅವನೇ ಬರ್ಲಿ."

"ಕಾಫಿ ಆದ್ರೂ ತಗೊಳ್ಳಿ."

"ನಂದಲ್ಲದ ಮನೇಲಿ ಹೆಂಗಮ್ಮ ಕುಡೀಲಿ?" ಹ್ಯಾಂಡಲಿನ ಬಕೆಟ್ಟನ್ನು ಸರಿಮಾಡಿಕೊಂಡರು. "ಈ ಬೀದಿ ಹೋದ್ರೆ ನಂಗಿನ್ನೊಂದು ಬೀದಿ ಇಲ್ಲ. ಆದ್ರೂ ಅವನನ್ನ ಕೇಳೋ ಹಂಗಿಲ್ಲ."

ನನಗೆ ಏನೂ ಅರ್ಥವಾಗಲಿಲ್ಲ. ಮತ್ತೆ ಮತ್ತೆ ಕೇಳಿದ ಮೇಲೆ ಬಾಯಿಬಿಟ್ಟರು. "ನಮ್ಮಲ್ಲಿ ಒಬ್ರು ಮಲಗಿದ್ರೆ ಇನ್ನೊಬ್ರು ಅವ್ರ ಮನೆಗಳನ್ನ ನೋಡ್ಕೋತೀವಮ್ಮ. ಆದ್ರೆ ಕೊನೇ ಕಿಟಕೀಲಿ ಒಂದು ಗಾಜು ಬಿಡ್ತೀವಿ. ಮನೆ ನಂದಲ್ಲ, ಅವನು ಬಂದು ಮುಗಿಸ್ಕೋತಾನೆ ಅಂತ. ಅದನ್ನೂ ಒರೆಸಿಬಿಟ್ರೆ ಮನೆ ತಗೊಂಡ ಅಂತ. ಇದನ್ನ ಮನೆಯೋರಿಗೆ ಹೇಳೋ ಪದ್ಧತಿ ಇಲ್ಲ." ಮೂಲೆಯ ಕಡೆ ಗಲ್ಲ ಎತ್ತಿ ತೋರಿಸಿದರು. "ಒರೆಸಿದಾನೆ."

"ಅಯ್ಯೋ, ಅವರಲ್ಲಾರೀ! ನಾನು! ನಾನು ಒರೆಸಿದ್ದು!"

ಅವರು ನಂಬಲಿಲ್ಲ. ತಮ್ಮ ಮನಸ್ಸು ನೋಯದಿರಲೆಂದು ನಾನು ಕುರುಬರಹಳ್ಳಿಯವರ ಪರ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಕುಂಟುತ್ತಾ ಗೇಟಿನ ಒಳಗೆ ಬಂದು, ಕಿಟಕಿಯ ಮುಂದೆ ಬಗ್ಗಿ, ಗಾಜನ್ನು ಓರೆಯಾಗಿ ನೋಡಿದರು. ಅವರ ಮುಖ ನಿಧಾನವಾಗಿ ಸಡಿಲವಾಯಿತು.

"ಗುಂಡಗೆ ಒರೆಸಿದೀರ" ಎಂದರು. "ದೋಸೆ ಹುಯ್ದಂಗೆ. ನಮ್ಮೋರು ಯಾರೂ ಗುಂಡಗೆ ಒರೆಸಲ್ಲ." ನಗಲು ಶುರುಮಾಡಿ, ನಡುವೆಯೇ ಟವೆಲ್ಲಿನಿಂದ ಕಣ್ಣೊತ್ತಿಕೊಂಡರು. "ಪಾಪ, ಎರಡು ತಿಂಗಳು ನನ್ ಮನೆಗಳನ್ನ ಕಾದವನ ಮೇಲೆ ಅನುಮಾನ ಪಟ್ನಲ್ಲಮ್ಮ."

ನನಗೆ ಬೇರೇನೂ ತೋಚಲಿಲ್ಲ. ತುಳಸಿ ಕಟ್ಟೆಯ ಪಕ್ಕದ ಕುಂಡದಲ್ಲಿ ಬೆರಳದ್ದಿ, ಹಸಿ ಮಣ್ಣು ತಂದು ಆ ಗಾಜಿಗೆ ಬಳಿದೆ. ಹೊಳೆಯುತ್ತಿದ್ದ ಗಾಜಿಗೆ ಮಣ್ಣು ಮೆತ್ತಿದ್ದನ್ನು ನಮ್ಮ ಸಿಸ್ಟರುಗಳು ನೋಡಿದ್ದರೆ ಏನೆನ್ನುತ್ತಿದ್ದರೋ.

"ಈಗ ಮುಗಿಸಿ" ಎಂದೆ.

ಬಕೆಟ್ಟಿಗೆ ನೀರು ತುಂಬಿಸಿಕೊಂಡು, ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ಆಮೇಲೆ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದರು. ಆರಿಹೋಗಿತ್ತು, ಬಿಸಿ ಮಾಡಲು ಬಿಡಲಿಲ್ಲ.

ಅದಾದ ಮೇಲೂ ನಾಲ್ಕು ವರ್ಷ ಕುಂಟುತ್ತಲೇ ಬಂದರು. ಅವರಿಂದ ಕಲಿತದ್ದು ಇವತ್ತಿಗೂ ನನ್ನ ಕೈಬಿಟ್ಟಿಲ್ಲ. ಮದುವೆಯಾದ ಮಗಳ ಮನೆಗೆ ಹೋದರೆ ಗೇಟಿನಿಂದಲೇ ಮೂರು ಸಲ ಕೂಗುತ್ತೇನೆ. ಅಳಿಯ ನಗುತ್ತಾನೆ. ನಗಲಿ.

ಆ ಶನಿವಾರ ಕುರುಬರಹಳ್ಳಿಯವರು ಒಂದೊಂದೇ ಕಿಟಕಿ ಮುಗಿಸಿ ಹಾಲಿನ ಕಿಟಕಿಗೆ ಬಂದರು. ಕೊನೆಯ ಗಾಜಿನ ಮುಂದೆ ಕೈ ನಿಂತಿತು. ಬಟ್ಟೆ ಹಿಂಡಿದರು, ಮತ್ತೆ ಅದ್ದಿದರು, ಮತ್ತೆ ಹಿಂಡಿದರು. ಬಂದು ಮುಗಿಸಿಕೊಳ್ಳುವವರು ಇನ್ನು ಇರಲಿಲ್ಲ. ಅವರಿಗೂ ಹೊಟ್ಟೆಪಾಡಿದೆ, ಬೀದಿಯನ್ನು ಖಾಲಿ ಬಿಡುವಂತಿಲ್ಲ. ಹಾಗಂತ ತಾವಾಗಿ ಒರೆಸಲೂ ಆಗುತ್ತಿಲ್ಲ.

"ಇದನ್ನೇನ್ ಮಾಡ್ಲಮ್ಮ?" ಎಂದು ಕೊನೆಗೆ ಕೇಳಿಯೇಬಿಟ್ಟರು.

"ಈ ತಿಂಗಳೊಂದು ಬಿಡಿ. ಬರೋ ತಿಂಗಳಿಂದ ನೀವೇ ಒರೆಸಿ."

ಅವರು ತಲೆಯಾಡಿಸಿದರು. "ನಂಗೂ ಕೈ ಬರ್ತಿರ್ಲಿಲ್ಲ." ನಾನು ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ. "ಅದನ್ನೂ ಬರೋ ತಿಂಗಳೇ ಕುಡೀತೀನಮ್ಮ" ಎಂದು ಏಣಿ ಹೆಗಲಿಗೇರಿಸಿದರು.

ಸಂಜೆ ಎದುರು ಮನೆಯಾಕೆ ಬಂದರು. ಬೆಳಗಿನಿಂದ ವಿಜಯನಗರದಲ್ಲಿ ಯಾರದೋ ಮದುವೆಗೆ ಹೋಗಿದ್ದವರಿಗೆ ಬೀದಿಯ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ತಾಂಬೂಲದ ತೆಂಗಿನಕಾಯಿ ಕೈಯಲ್ಲಿಟ್ಟುಕೊಂಡೇ ಹಾಲಿನ ಕಿಟಕಿಯ ಮುಂದೆ ನಿಂತರು. ಇಳಿಬಿಸಿಲಿಗೆ ಎಲ್ಲ ಗಾಜುಗಳೂ ಮಿರುಗುತ್ತಿದ್ದವು, ಮೂಲೆಯದೊಂದು ಬಿಟ್ಟು.

"ಏನ್ರೀ, ನಿಮ್ಮ ಕಿಟಕಿಯವರು ಒಂದು ಗಾಜು ಮರೆತೇ ಹೋಗಿದಾರಲ್ಲ" ಎಂದರು. "ವಯಸ್ಸಾಯ್ತು, ಪಾಪ. ನಾಳೆ ಬಂದು ಒರೆಸ್ಕೊಡ್ತಾರೆ ಬಿಡಿ."